ಎರಡನೇ ತೋಳು: ಹೆಣೆಯುವವರು, ನೂಲುವವರು ದೂರದಿಂದಲೇ ಜೊತೆಯಾಗುವುದು ಹೇಗೆ

ನಮ್ಮ ಮನೆಯ ಬೀರುವಿನ ಮೇಲಿನ ಅರೆಯಲ್ಲಿ ಒಂದೇ ತೋಳಿನ ಸ್ವೆಟರ್ ಮೂರು ವರ್ಷ ಕೂತಿತ್ತು. ತಂಗಿಯ ಮಗನಿಗೆ ಅಂತ ಶುರು ಮಾಡಿದ್ದು. ಬೆನ್ನು ಆಯಿತು, ಎದೆ ಆಯಿತು, ಎಡ ತೋಳೂ ಆಯಿತು. ಬಲ ತೋಳು ಮಾತ್ರ ಎಷ್ಟು ಸಲ ಹೆಣೆದರೂ ಅಗಲ ಜಾಸ್ತಿ ಬರುತ್ತಿತ್ತು. ಅದೇ ದಾರ, ಅಷ್ಟೇ ಕುಣಿಕೆ, ಅದೇ ಕೈ. ಮೂರು ಸಲ ಬಿಚ್ಚಿದೆ. ಆಮೇಲೆ ಕಡ್ಡಿ ಮುಟ್ಟಲು ಮನಸ್ಸೇ ಬರಲಿಲ್ಲ. ಮಗು ಬೆಳೆದು ಸ್ಕೂಲಿಗೆ ಹೊರಟಿತು. ಸ್ವೆಟರ್ ನುಸಿ ಗುಳಿಗೆಯ ಜೊತೆ ಅಲ್ಲೇ ಉಳಿಯಿತು.

ಕೇಳೋಣ ಅಂದರೆ ಹತ್ತಿರದಲ್ಲಿ ಯಾರೂ ಇರಲಿಲ್ಲ. ಮೈಸೂರಿನ ಚಳಿ ಅಂದರೆ ಡಿಸೆಂಬರ್, ಜನವರಿಯ ಬೆಳಗಿನ ಜಾವದ ಚಳಿ. ಬಿಸಿಲು ಏರಿದರೆ ಸ್ವೆಟರ್ ಬಿಚ್ಚಬೇಕು. ಹಾಗಾಗಿ ಉತ್ತರದ ಬೆಟ್ಟದ ಊರುಗಳ ಹಾಗೆ ಹೆಣಿಗೆ ನಮ್ಮಲ್ಲಿ ಮನೆಮನೆಯ ಕೆಲಸ ಆಗಲಿಲ್ಲ. ಅಮ್ಮನ ಕಾಲದಲ್ಲಿ ಬಾಣಂತಿ ಇರುವ ಮನೆಗೆ ಕುಲಾವಿ, ಕಾಲುಚೀಲ ಹೆಣೆದು ಕೊಡುತ್ತಿದ್ದರು. ಕ್ರೋಶಾದಲ್ಲಿ ಟಿವಿ ಕವರ್, ಬಾಗಿಲ ತೋರಣ ಮಾಡುತ್ತಿದ್ದರು. ನನಗೆ ಕಡ್ಡಿ ಹಿಡಿಯಲು ಕಲಿಸಿದ ಪಕ್ಕದ ಮನೆ ಆಂಟಿ ಮಗಳ ಊರಿಗೆ ಹೋದ ಮೇಲೆ, ನಮ್ಮ ಬೀದಿಯಲ್ಲಿ ಹೆಣೆಯುವವಳು ನಾನೊಬ್ಬಳೇ ಉಳಿದೆ.

ಆಗ ಪರಿಚಯದವರೊಬ್ಬರು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಮೈಸೂರು, ಮಂಡ್ಯ ಕಡೆಯ ಮೂವತ್ತು ಚಿಲ್ಲರೆ ಜನ. ಕೆಲವರು ಹೆಣೆಯುವವರು, ಕೆಲವರು ಕ್ರೋಶಾ ಹಾಕುವವರು, ಐದಾರು ಜನ ತಕಲಿಯಲ್ಲೋ (ಬೆರಳಲ್ಲಿ ತಿರುಗಿಸಿ ನೂಲುವ ಪುಟ್ಟ ಕದಿರು) ಪೆಟ್ಟಿಗೆ ಚರಕದಲ್ಲೋ ನೂಲುವವರು. ಒಂದು ವಾರ ಸುಮ್ನೆ ನೋಡಿದೆ. ಆಮೇಲೆ ಧೈರ್ಯ ಮಾಡಿ ಒಂದು ತೋಳಿನ ಸ್ವೆಟರ್ ಫೋಟೋ ಹಾಕಿ, ಏನು ತಪ್ಪು ಅಂತ ಕೇಳಿದೆ.

ಮದ್ದೂರಿನ ಒಬ್ಬ ಅಕ್ಕ ಉತ್ತರ ಕೊಟ್ಟರು. ‘ಚೆನ್ನಾಗಿದೆ’ ಅನ್ನಲಿಲ್ಲ, ‘ಬೇಜಾರಾಗಬೇಡಿ’ ಅಂತಲೂ ಅನ್ನಲಿಲ್ಲ. ‘ಎರಡೂ ತೋಳಿನ ಮೇಲೆ ಸ್ಕೇಲ್ ಇಟ್ಟು ಇನ್ನೊಂದು ಫೋಟೋ ಹಾಕಿ’ ಅಂದರು. ಹಾಕಿದೆ. ಎಡ ತೋಳಿನಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಇತ್ತು. ಬಲದಲ್ಲಿ 18. ‘ಕಡ್ಡಿ ಬದಲಾಗಿದೆ ಅಲ್ವಾ?’ ಅಂತ ಕೇಳಿದರು.

ಬದಲಾಗಿತ್ತು. ಮೊದಲ ಜೋಡಿಯಲ್ಲಿ ಒಂದು ಕಡ್ಡಿ ಮುರಿದಿತ್ತು. ಅದರ ಮೇಲೆ 8 ಅಂತ ಇದ್ದದ್ದು ನೆನಪಿತ್ತು. ಆನ್‌ಲೈನ್‌ನಲ್ಲಿ 8 ನಂಬರಿನದೇ ಹೊಸ ಜೋಡಿ ತರಿಸಿದ್ದೆ. ಎರಡೂ 8 ಅಂದ ಮೇಲೆ ಒಂದೇ ಅಂದುಕೊಂಡೆ. ಆದರೆ ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಸಿಗುವುದು ಹಳೆಯ ಬ್ರಿಟಿಷ್ ನಂಬರಿನ ಕಡ್ಡಿ. ಅದರಲ್ಲಿ 8 ಅಂದರೆ 4 ಮಿಲಿಮೀಟರ್ ದಪ್ಪ. ಆನ್‌ಲೈನ್‌ನಲ್ಲಿ ಬಂದದ್ದು ಅಮೆರಿಕದ ಲೆಕ್ಕದ್ದು, ಅದರಲ್ಲಿ 8 ಅಂದರೆ 5 ಮಿಲಿಮೀಟರ್. ಇನ್ನೂ ಗೊಂದಲ ಅಂದರೆ, ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದ ಹಾಗೆ ಕಡ್ಡಿ ತೆಳ್ಳಗಾಗುತ್ತದೆ, ಅಮೆರಿಕದ ಲೆಕ್ಕದಲ್ಲಿ ದಪ್ಪ ಆಗುತ್ತದೆ. ಬ್ರಿಟಿಷ್ 10 ನಂಬರ್ 3.25 ಮಿಲಿಮೀಟರ್, ಅಮೆರಿಕದ 10 ನಂಬರ್ 6 ಮಿಲಿಮೀಟರ್.

ಮೂರು ವರ್ಷ ನನ್ನ ಕೈ ಸರಿಯಿಲ್ಲ ಅಂತ ನಂಬಿಕೊಂಡಿದ್ದೆ. ಕೈ ಸರಿಯಾಗಿಯೇ ಇತ್ತು. ಅದನ್ನು ಹೇಳಲು ಒಬ್ಬರು ಬೇಕಿತ್ತು, ಹೇಳುವುದಕ್ಕೆ ಅವರಿಗೆ ಒಂದು ಅಳತೆ ಬೇಕಿತ್ತು.

ಈ ಲೇಖನ ಅದರ ಬಗ್ಗೆಯೇ. ದೂರದಲ್ಲಿರುವ, ಮುಖ ನೋಡದ ಜನರಿಂದ ಹೆಣೆಯುವ ಹುಮ್ಮಸ್ಸು ಬರುವುದು ಹೇಗೆ? ಹೊಗಳಿಕೆಯಿಂದ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅರ್ಧ ಆಗಿರುವ, ತಪ್ಪಾಗಿರುವ ಕೆಲಸವನ್ನು ಇಟ್ಟು ತೋರಿಸಲು ಜಾಗ ಇರಬೇಕು. ನೋಡಿದವರಿಗೆ ಅದನ್ನು ಓದಲು ಬರಬೇಕು. ಅಲ್ಲಿಂದಲೇ ಮತ್ತೆ ಕಡ್ಡಿ ಹಿಡಿಯುವ ಮನಸ್ಸು ಬರುತ್ತದೆ.

ಅಳತೆ ಅನ್ನುವ ಭಾಷೆ

ಮುಂಚೆ ಜಗಲಿಯ ಮೇಲೆ ನಾಲ್ಕು ಜನ ಕೂತು ಹೆಣೆಯುವಾಗ ಅಳತೆ ಬೇಕಿರಲಿಲ್ಲ. ಪಕ್ಕದವರು ಬಟ್ಟೆ ಮುಟ್ಟಿ ನೋಡಿ ‘ಬಿಗಿ ಆಯ್ತು, ಸಡಿಲ ಬಿಡು’ ಅನ್ನುತ್ತಿದ್ದರು. ಫೋನಿನಲ್ಲಿ ಮುಟ್ಟಲು ಆಗುವುದಿಲ್ಲ. ಆ ಜಾಗವನ್ನು ಕೆಲವು ಸಂಖ್ಯೆಗಳು ತುಂಬುತ್ತವೆ. ಈ ಸಂಖ್ಯೆಗಳು ಗೊತ್ತಿದ್ದರೆ ಪಾಂಡವಪುರದವರೂ ನಾರ್ವೆಯವರೂ ಒಂದೇ ಸ್ವೆಟರ್ ಬಗ್ಗೆ ಮಾತಾಡಬಹುದು.

ಮೊದಲನೆಯದು ಈಗ ಹೇಳಿದ್ದು: 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ, ಎಷ್ಟು ಸಾಲು. ಸ್ವೆಟರ್ ಶುರು ಮಾಡುವ ಮುಂಚೆ ಅಂಗೈ ಅಗಲದ ಒಂದು ಮಾದರಿ ತುಂಡು ಹೆಣೆದು, ಒಗೆದು, ಒಣಗಿಸಿ ಅಳೆಯಬೇಕು. ಒಗೆಯದೆ ಅಳೆದರೆ ಲೆಕ್ಕ ತಪ್ಪುತ್ತದೆ. ಎಷ್ಟೋ ದಾರ ನೀರು ಕಂಡ ಮೇಲೆ ಹಿಗ್ಗುತ್ತದೆ, ಕೆಲವು ಕುಗ್ಗುತ್ತದೆ.

ಎರಡನೆಯದು ಕಡ್ಡಿಯ ದಪ್ಪ. ನಂಬರ್ ಬೇಡ, ಮಿಲಿಮೀಟರಿನಲ್ಲಿ ಹೇಳಿ.

ಮೂರನೆಯದು ದಾರದ ದಪ್ಪ. ಅಂಗಡಿಯ ದಾರಕ್ಕೆ ಲೇಬಲ್ ಇರುತ್ತದೆ, ಕೈಯಲ್ಲಿ ನೂತ ನೂಲಿಗೆ ಇರುವುದಿಲ್ಲ. ಅದಕ್ಕೆ ನೂಲುವವರು ಒಂದು ಸುಲಭದ ಉಪಾಯ ಮಾಡಿಕೊಂಡಿದ್ದಾರೆ. ಸ್ಕೇಲಿಗೆ ದಾರವನ್ನು ಸುರುಳಿ ಸುತ್ತಬೇಕು. ಒಂದಕ್ಕೊಂದು ತಾಗುವ ಹಾಗಿರಬೇಕು, ಒತ್ತಿರಬಾರದು. ಒಂದು ಇಂಚಿನಲ್ಲಿ ಎಷ್ಟು ಸುತ್ತು ಬಂತು ಅಂತ ಎಣಿಸಬೇಕು. ಮಗುವಿನ ಕಾಲುಚೀಲಕ್ಕೆ ಬೇಕಾದ ತೆಳ್ಳನೆಯ ದಾರ ಸುಮಾರು 14 ಸುತ್ತು ಬರುತ್ತದೆ, ಮಾಮೂಲಿ ಸ್ವೆಟರಿನ ದಾರ ಸುಮಾರು 11. ಒಂದು ಸ್ಕೇಲ್ ಇದ್ದರೆ ಸಾಕು, ಯಾವ ಯಂತ್ರವೂ ಬೇಡ.

ಕ್ರೋಶಾ ಹಾಕುವವರಿಗೆ ಇನ್ನೊಂದು ತೊಡಕಿದೆ. ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುವುದನ್ನೇ ಬ್ರಿಟನ್ನಿನವರು ಡಬಲ್ ಕ್ರೋಶೆ ಅನ್ನುತ್ತಾರೆ. ಯಾವ ದೇಶದ ಹೆಸರು ಅಂತ ಕೇಳದೆ ಶುರು ಮಾಡಿದರೆ ಅಂಗೈ ಅಗಲದ ಹೂವು ತಟ್ಟೆ ಅಗಲ ಆಗುತ್ತದೆ.

ಡಿಸೈನ್‌ಗಳೆಲ್ಲ ಇಂಗ್ಲಿಷಿನ ಚುಟುಕು ಅಕ್ಷರಗಳಲ್ಲಿ ಇರುತ್ತವೆ ಅಂತ ಹಿಂಜರಿಯುವವರು ನಮ್ಮ ಕಡೆ ಬಹಳ. ಅವರಿಗೆ ನಾನು ಚಾರ್ಟ್ ನೋಡಿ ಅನ್ನುತ್ತೇನೆ. ಚೌಕಳಿ ಹಾಳೆಯ ಮೇಲೆ ಒಂದೊಂದು ಮನೆ ಒಂದೊಂದು ಕುಣಿಕೆ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಜಪಾನಿನಲ್ಲಿ ಈ ಚಿಹ್ನೆಗಳಿಗೆ ಇಡೀ ದೇಶಕ್ಕೆ ಒಂದೇ ಮಾನದಂಡ ಇದೆ. ಹಾಗಾಗಿ ಜಪಾನಿ ಒಂದಕ್ಷರ ಬಾರದವರೂ ಜಪಾನಿ ಡಿಸೈನ್ ನೋಡಿ ಹೆಣೆಯುತ್ತಾರೆ. ಹದಿನೈದು ಚುಕ್ಕಿ ಒಂದಕ್ಕೆ ಇಳಿಸುವ ರಂಗೋಲಿ ಹಾಕಲು ಬರುವ ಕೈಗೆ ಚಾರ್ಟ್ ಹೊಸದಲ್ಲ. ಎಣಿಸುವುದು, ಸಾಲು ತಪ್ಪದೆ ಇರುವುದು, ಎಡ ಬಲ ಸಮ ಮಾಡುವುದು, ಎಲ್ಲವೂ ಅಲ್ಲಿ ಆಗಲೇ ಇದೆ. ನಮ್ಮ ಗುಂಪಿನ ಒಬ್ಬ ಅಮ್ಮ ಎಪ್ಪತ್ತರ ಹತ್ತಿರದವರು. ಇಂಗ್ಲಿಷ್ ಓದುವುದಿಲ್ಲ. ಚಾರ್ಟ್ ನೋಡಿ ಎಲೆಬಳ್ಳಿಯ ಶಾಲು ಮುಗಿಸಿದರು. ಅದನ್ನು ನೋಡಿದ ದಿನ ಗುಂಪಿನಲ್ಲಿ ಎಷ್ಟು ಜನ ಮೂಲೆಗಿಟ್ಟ ಕಡ್ಡಿ ಹೊರಗೆ ತೆಗೆದರು ಅಂತ ನನಗೆ ಗೊತ್ತು.

ಹುರಿಯನ್ನು ಫೋಟೋದಲ್ಲಿ ಓದುವುದು

ನೂಲುವವರ ಕಷ್ಟ ಹೆಣೆಯುವವರಿಗಿಂತ ಒಂದು ಕೈ ಜಾಸ್ತಿ. ಹೆಣಿಗೆಯಲ್ಲಿ ಕುಣಿಕೆ ಕಣ್ಣಿಗೆ ಕಾಣುತ್ತದೆ, ಎಣಿಸಬಹುದು. ನೂಲಿನ ಜೀವ ಇರುವುದು ಹುರಿಯಲ್ಲಿ, ಅಂದರೆ ಎಳೆಗೆ ಕೊಟ್ಟ ತಿರುಚಿನಲ್ಲಿ. ಅದು ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗೆ ಅಷ್ಟು ಬೇಗ ಗೊತ್ತಾಗುವುದಿಲ್ಲ.

ಹುರಿ ಅಂದರೆ ಏನು ಅಂತ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ. ದೀಪದ ಬತ್ತಿ ಹೊಸೆದವರಿಗೆ, ಗೌರಿ ಹಬ್ಬಕ್ಕೆ ಗೆಜ್ಜೆವಸ್ತ್ರ ಮಾಡಿದವರಿಗೆ, ಹದಿನಾರು ಗಂಟಿನ ಗೌರಿದಾರ ಕಟ್ಟಿದವರಿಗೆ ಹತ್ತಿಯ ಸ್ವಭಾವ ಗೊತ್ತು. ಹತ್ತಿಯ ನಾರು ಗಿಡ್ಡ, ಸುಮಾರು ಒಂದು ಇಂಚು. ಕುರಿಯ ಉಣ್ಣೆಯ ನಾರು ಅದಕ್ಕಿಂತ ಎಷ್ಟೋ ಉದ್ದ. ಗಿಡ್ಡ ನಾರು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳಬೇಕಾದರೆ ಜಾಸ್ತಿ ಹುರಿ ಬೇಕು. ಅದಕ್ಕೇ ಹತ್ತಿ ನೂಲಲು ಹಗುರವಾದ, ವೇಗವಾಗಿ ತಿರುಗುವ ತಕಲಿ ಬೇಕು. ಅದರ ತುದಿಯನ್ನು ಬಟ್ಟಲಿನಲ್ಲಿ ಊರಿ ತಿರುಗಿಸುತ್ತಾರೆ. ಗಾಳಿಯಲ್ಲಿ ತೂಗಿಬಿಟ್ಟರೆ ಅದರ ಭಾರಕ್ಕೇ ಎಳೆ ಹರಿಯುತ್ತದೆ. ಮಾರ್ಚ್ ತಿಂಗಳ ಒಣ ಮಧ್ಯಾಹ್ನದಲ್ಲಿ ಇನ್ನೂ ಬೇಗ ಹರಿಯುತ್ತದೆ, ಹತ್ತಿಗೆ ಸ್ವಲ್ಪ ತೇವ ಇರುವ ಗಾಳಿ ಇಷ್ಟ.

ಒಂದೇ ಎಳೆಯಲ್ಲಿ ಹೆಣೆದರೆ ಬಟ್ಟೆ ಒಂದು ಪಕ್ಕಕ್ಕೆ ವಾಲುತ್ತದೆ. ಚೌಕ ಹೆಣೆಯಲು ಹೋದರೆ ಓರೆಯಾಗಿ ಬರುತ್ತದೆ. ಇದು ಹೆಣಿಗೆಯ ತಪ್ಪಲ್ಲ. ಎಳೆಯೊಳಗಿನ ಹುರಿ ಬಿಚ್ಚಿಕೊಳ್ಳಲು ನೋಡುತ್ತಾ ಬಟ್ಟೆಯನ್ನೇ ತಿರುಚುತ್ತದೆ. ಅದಕ್ಕೆ ಮದ್ದು ಎರಡು ಎಳೆಗಳನ್ನು ಸೇರಿಸಿ ಎದುರು ದಿಕ್ಕಿಗೆ ಹುರಿ ಹಾಕುವುದು. ಬಲಕ್ಕೆ ತಿರುಗಿಸಿ ನೂತಿದ್ದರೆ ಸೇರಿಸುವಾಗ ಎಡಕ್ಕೆ ತಿರುಗಿಸಬೇಕು. ಹಗ್ಗ ಹೊಸೆಯುವವರು ಮಾಡುವುದೂ ಇದನ್ನೇ. ಎರಡು ಹುರಿಗಳು ಒಂದನ್ನೊಂದು ತಡೆದು ನಿಲ್ಲಿಸುತ್ತವೆ.

ಇದನ್ನು ದೂರದಲ್ಲಿರುವವರಿಗೆ ತೋರಿಸುವುದು ಹೇಗೆ? ಎರಡೆಳೆ ಮಾಡಿ ಮುಗಿಸಿದ ಲಡಿಯನ್ನು (ಉಂಗುರದ ಹಾಗೆ ಸುತ್ತಿದ ನೂಲಿನ ಕಟ್ಟು) ಎರಡು ಕೈಯಲ್ಲಿ ಹಿಡಿದು ಜೋಕಾಲಿಯ ಹಾಗೆ ಇಳಿಬಿಡಬೇಕು. ಅದು ಸುಮ್ಮನೆ ತೂಗಿದರೆ ಹುರಿ ಸಮ. ತನ್ನ ಸುತ್ತ ತಾನೇ ಸುತ್ತಿಕೊಂಡರೆ ಒಂದು ಕಡೆ ಜಾಸ್ತಿ. ಯಾವ ದಿಕ್ಕಿಗೆ ಸುತ್ತಿಕೊಂಡಿತು ಅನ್ನುವುದನ್ನು ನೋಡಿ, ಸೇರಿಸುವಾಗ ಕಡಿಮೆ ಆಯಿತೋ ಜಾಸ್ತಿ ಆಯಿತೋ ಹೇಳಬಹುದು. ಹತ್ತು ಸೆಕೆಂಡಿನ ವಿಡಿಯೋ ಸಾಕು.

ನಮ್ಮ ಗುಂಪಿನಲ್ಲಿ ಪಾಂಡವಪುರ ಕಡೆಯ ಒಬ್ಬರು ಮೇಷ್ಟ್ರು ಇದ್ದಾರೆ, ನಿವೃತ್ತರು. ಅವರು ಹುಡುಗರಾಗಿದ್ದಾಗ ಸ್ಕೂಲಿನಲ್ಲಿ ತಕಲಿ ಪಿರಿಯಡ್ ಇತ್ತಂತೆ. ನಾನು ಮೊದಲ ಲಡಿಯ ವಿಡಿಯೋ ಹಾಕಿದಾಗ ಅದು ಹಾವಿನ ಹಾಗೆ ಸುತ್ತಿಕೊಳ್ಳುತ್ತಿತ್ತು. ಅವರು ಮಾತಾಡಿ ಕಳಿಸಿದರು: ‘ನೂತಿರೋದು ಚೆನ್ನಾಗೈತೆ ಕಣವ್ವ. ಎರಡೆಳೆ ಮಾಡುವಾಗ ಆತುರ ಪಟ್ಟಿದ್ದೀಯ. ಇನ್ನೊಂದಪ ತಕಲಿಗೆ ಹಾಕು, ಅದೇ ದಿಕ್ಕಿಗೆ ಇನ್ನೂ ನಾಕು ಸುತ್ತು ತಿರುಗ್ಸು.’ ಆ ಧ್ವನಿ ಇನ್ನೂ ನನ್ನ ಫೋನಿನಲ್ಲಿದೆ.

ಇಲ್ಲಿಯ ಉಣ್ಣೆಯ ಬಗ್ಗೆಯೂ ಪದೇ ಪದೇ ಪ್ರಶ್ನೆ ಬರುತ್ತದೆ. ಮಂಡ್ಯ ಅಂದರೆ ಬನ್ನೂರು ಕುರಿ, ಅದರ ಉಣ್ಣೆಯಲ್ಲಿ ಸ್ವೆಟರ್ ಮಾಡಬಹುದಾ ಅಂತ. ಬನ್ನೂರು ಕುರಿಯ ಹೆಸರು ಇರುವುದು ಮಾಂಸಕ್ಕೆ. ಅದರ ಮೈಮೇಲಿನದು ಒರಟು ಕೂದಲು. ಕಂಬಳಿಗೆ ಬಳಸುವ ಡೆಕ್ಕನಿ ಕುರಿಯ ಉಣ್ಣೆಯೂ ಒರಟೇ. ನಾರಿನ ದಪ್ಪ 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ದಾಟಿದರೆ ಅದು ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ಮೆರಿನೋ ಅನ್ನುವ ತಳಿಯ ಕುರಿಯ ಉಣ್ಣೆ ಸುಮಾರು 17ರಿಂದ 24 ಮೈಕ್ರಾನ್, ಅದಕ್ಕೇ ಮೆತ್ತಗೆ. ಕಂಬಳಿಯ ಉಣ್ಣೆ ಕಂಬಳಿಗೆ ಸರಿ. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಆ ಬಟ್ಟೆಯ ಗಟ್ಟಿತನ ಮೆರಿನೋಗೆ ಬಾರದು. ಇನ್ನು ಅಂಗಡಿಯಲ್ಲಿ ನಾವು ಉಲ್ಲನ್ ಅಂತ ಕೊಳ್ಳುವುದರಲ್ಲಿ ಹೆಚ್ಚಿನದು ಅಕ್ರಿಲಿಕ್ ಅನ್ನುವ ಕೃತಕ ದಾರ. ಅನುಮಾನ ಬಂದರೆ ಒಂದು ತುಣುಕು ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಆಗುತ್ತದೆ.

ಇದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದಲ್ಲ

12ನೇ ಶತಮಾನದ ಕದಿರ ರೆಮ್ಮವ್ವೆ ನೂಲುವುದನ್ನೇ ಕಾಯಕ ಮಾಡಿಕೊಂಡವಳು. ರಾಟೆಯ ಭಾಗಗಳನ್ನು ಒಂದೊಂದಾಗಿ ಹೆಸರಿಸುತ್ತಾ ವಚನ ಕಟ್ಟಿದಳು. ಒಬ್ಬಳೇ ಕೂತು ಮಾಡುವ ಕೆಲಸವನ್ನು ನಾಲ್ಕು ಜನರ ಮುಂದೆ ಮಾತಾಗಿಸುವುದು ಅಷ್ಟು ಹಳೆಯದು.

ದೂರದಿಂದ ಒಟ್ಟಾಗಿ ನೂಲುವುದಕ್ಕೂ ನೂರು ವರ್ಷ ಆಯಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು, ಗಾಂಧೀಜಿ ಅಧ್ಯಕ್ಷರು. ಸದಸ್ಯತ್ವದ ಚಂದಾ ದುಡ್ಡಿನ ಬದಲು ನೂಲಿನಲ್ಲಿ ಅಂತ ಅಲ್ಲಿ ಒಪ್ಪಿಗೆಯಾಯಿತು: ತಿಂಗಳಿಗೆ 2,000 ಗಜ. ಅಂದರೆ ಸುಮಾರು 1.8 ಕಿಲೋಮೀಟರ್. ಆ ನಿಯಮ ಬಹಳ ದಿನ ನಿಲ್ಲಲಿಲ್ಲ, ಮರುವರ್ಷವೇ ಸಡಿಲವಾಯಿತು. ಆದರೆ 1925ರಲ್ಲಿ ಶುರುವಾದ ಅಖಿಲ ಭಾರತ ಚರಕಾ ಸಂಘ ಅದೇ ದಾರಿ ಹಿಡಿಯಿತು. ಅದರ ಮೊದಲ ದರ್ಜೆಯ ಸದಸ್ಯರು ತಾವೇ ನೂತ 1,000 ಗಜ ನೂಲನ್ನು ಪ್ರತಿ ತಿಂಗಳೂ ಕೊಡಬೇಕಿತ್ತು. ಸುಮ್ಮನೆ ನೂಲಲ್ಲ, ಸಮವಾಗಿ, ಸರಿಯಾಗಿ ಹುರಿ ಹಾಕಿದ ನೂಲು.

ಅದರಲ್ಲಿ ಏನೇನಿದೆ ನೋಡಿ. ಒಂದು ಅಳತೆ ಇದೆ. ಒಂದು ಗಡುವು ಇದೆ. ನೂತದ್ದನ್ನು ನೋಡಿ ಚೆನ್ನಾಗಿದೆಯೋ ಇಲ್ಲವೋ ಹೇಳಬಲ್ಲ ಕಣ್ಣಿದೆ. ಮುಖ ನೋಡದ ಸಾವಿರಾರು ಜನ ಇದೇ ತಿಂಗಳು ಇಷ್ಟನ್ನೇ ನೂಲುತ್ತಿದ್ದಾರೆ ಅನ್ನುವ ಅರಿವಿದೆ. ಇವತ್ತಿನ ಒಳ್ಳೆಯ ಗುಂಪಿನಲ್ಲೂ ಈ ನಾಲ್ಕೇ ಇರುವುದು.

ನಮ್ಮ ಕಡೆ ಇದರ ಗುರುತು ಈಗಲೂ ಇದೆ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1927ರಿಂದ ಖಾದಿ ಕೇಂದ್ರ ಇದೆ. ತಗಡೂರು ರಾಮಚಂದ್ರರಾಯರಂಥವರು ಈ ಸೀಮೆಯಲ್ಲಿ ಖಾದಿ ಕೆಲಸ ಕಟ್ಟಿದವರು. ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಬದನವಾಳು ಸಿಗುತ್ತದೆ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈ ಕೆಲಸದ ಪರವಾಗಿ ಸತ್ಯಾಗ್ರಹ ಮಾಡಿದ್ದೂ ಅಲ್ಲೇ. ಮೇಲುಕೋಟೆಯ ಜನಪದ ಸೇವಾ ಟ್ರಸ್ಟಿನಲ್ಲಿ ಖಾದಿ ನೇಯ್ದು, ಗಿಡಮೂಲದ ಬಣ್ಣ ಹಾಕುತ್ತಾರೆ. ಮನೆಯಲ್ಲಿ ಕೂತು ಫೋನ್ ನೋಡಿ ನೂಲಲು ಕಲಿಯುವವರು ಒಂದು ಸಲವಾದರೂ ಇಂಥ ಜಾಗಕ್ಕೆ ಹೋಗಿ, ಪಳಗಿದ ಕೈ ಹೇಗೆ ಆಡುತ್ತದೆ ಅಂತ ನೋಡಬೇಕು.

ಜೊತೆ ಇದ್ದರೆ ಕೈ ಯಾಕೆ ಓಡುತ್ತದೆ

ಇದಕ್ಕೆ ಒಂದು ಹಳೆಯ ಪ್ರಯೋಗ ಇದೆ, ಅದೂ ದಾರ ಸುತ್ತುವ ಪ್ರಯೋಗ. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಅನ್ನುವವರು ಸೈಕಲ್ ಪಂದ್ಯದ ದಾಖಲೆ ನೋಡುತ್ತಾ ಒಂದು ವಿಷಯ ಗಮನಿಸಿದರು. ಒಬ್ಬರೇ ಓಡಿಸುವುದಕ್ಕಿಂತ ಜೊತೆಗೆ ಇನ್ನೊಬ್ಬರಿದ್ದಾಗ ಸವಾರರು ವೇಗವಾಗಿ ಹೋಗುತ್ತಿದ್ದರು. ಇದನ್ನು ಪರೀಕ್ಷಿಸಲು 40 ಮಕ್ಕಳಿಗೆ ಮೀನಿನ ಗಾಳದ ದಾರ ಸುತ್ತುವ ಗಾಲಿ ಕೊಟ್ಟರು. ಒಂದು ಸಲ ಒಬ್ಬರೇ, ಒಂದು ಸಲ ಇನ್ನೊಂದು ಮಗುವಿನ ಜೊತೆ. 1898ರಲ್ಲಿ ಫಲಿತಾಂಶ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಮಕ್ಕಳ ಕೈ ಜೊತೆಯಲ್ಲಿ ಚುರುಕಾಯಿತು. ಕಾಲು ಭಾಗದವರಿಗೆ ವ್ಯತ್ಯಾಸ ಆಗಲಿಲ್ಲ. ಇನ್ನು ಕಾಲು ಭಾಗದವರು ಗಡಿಬಿಡಿಗೆ ಬಿದ್ದು ಇನ್ನೂ ನಿಧಾನವಾದರು.

ಆ ಕೊನೆಯ ಕಾಲು ಭಾಗವನ್ನು ಮರೆಯಬಾರದು. ಗುಂಪಿಗೆ ಸೇರಿದ ಮೇಲೆ ಹೆಣೆಯುವುದೇ ಬೇಡ ಅನ್ನಿಸಿ ಹೊರಟುಹೋದವರನ್ನು ನಾನು ನೋಡಿದ್ದೇನೆ.

1965ರಲ್ಲಿ ರಾಬರ್ಟ್ ಝಾಯೆಂಟ್ಸ್ ಅನ್ನುವ ಮನಶ್ಶಾಸ್ತ್ರಜ್ಞ ಇದಕ್ಕೆ ಒಂದು ವಿವರಣೆ ಕೊಟ್ಟರು. ಚೆನ್ನಾಗಿ ಪಳಗಿದ ಕೆಲಸ ಜನರ ಮುಂದೆ ಇನ್ನೂ ಚೆನ್ನಾಗಿ ಆಗುತ್ತದೆ. ಇನ್ನೂ ಕಲಿಯುತ್ತಿರುವ ಕೆಲಸ ಜನರ ಮುಂದೆ ಕೆಡುತ್ತದೆ. ಹೆಣೆಯುವವರಿಗೆ ಇದಕ್ಕಿಂತ ಉಪಯೋಗದ ಮಾತು ನನಗೆ ಸಿಕ್ಕಿಲ್ಲ. ಹೊಸ ಥರದ ಕುಣಿಕೆ, ಹೊಸ ಚಾರ್ಟ್, ಕುತ್ತಿಗೆ ತಿರುವು ಇವನ್ನೆಲ್ಲ ಒಬ್ಬರೇ ಕೂತು, ಫೋನ್ ಪಕ್ಕಕ್ಕಿಟ್ಟು ಮಾಡಿ. ಬೆನ್ನಿನ ಭಾಗದ ಉದ್ದನೆಯ ಒಂದೇ ಥರದ ಸಾಲುಗಳು, ಎರಡನೇ ಕಾಲುಚೀಲ, ಎರಡನೇ ತೋಳು ಇವನ್ನು ಜೊತೆಗೆ ಉಳಿಸಿಕೊಳ್ಳಿ. ಎರಡನೆಯದರಲ್ಲಿ ಕಲಿಯುವುದು ಏನೂ ಉಳಿದಿರುವುದಿಲ್ಲ. ಕುತೂಹಲ ಮುಗಿದಿರುತ್ತದೆ, ಕೆಲಸ ಮುಗಿದಿರುವುದಿಲ್ಲ. ಆ ಖಾಲಿ ಜಾಗವನ್ನು ಜೊತೆಯವರ ಮಾತು ತುಂಬುತ್ತದೆ.

ನಾವು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ ವಿಡಿಯೋ ಕಾಲ್ ಹಚ್ಚಿಕೊಂಡು ಕೂರುತ್ತೇವೆ. ಕ್ಯಾಮೆರಾ ಕೈ ಮೇಲೆ ಇರುತ್ತದೆ, ಮುಖದ ಮೇಲೆ ಅಲ್ಲ. ಮನೆ ಗಲೀಜಾಗಿದೆ, ತಲೆ ಬಾಚಿಲ್ಲ ಅನ್ನುವ ಚಿಂತೆ ಇಲ್ಲ. ಅರ್ಧ ಹೊತ್ತು ಯಾರೂ ಮಾತಾಡುವುದೂ ಇಲ್ಲ. ಕುಕ್ಕರ್ ಕೂಗಿದ್ದು ಯಾರ ಮನೆಯದು ಅಂತ ಒಬ್ಬರು ಕೇಳುತ್ತಾರೆ. ನನ್ನ ಬಲ ತೋಳು ಮುಗಿದದ್ದು ಇಂಥ ಆರು ಭಾನುವಾರಗಳಲ್ಲಿ.

2013ರಲ್ಲಿ ಬ್ರಿಟನ್ನಿನ ಸಂಶೋಧಕರು ಬೇರೆ ಬೇರೆ ದೇಶಗಳ 3,500ಕ್ಕೂ ಹೆಚ್ಚು ಹೆಣೆಯುವವರ ಸಮೀಕ್ಷೆ ಪ್ರಕಟಿಸಿದರು. ಹೆಚ್ಚು ಸಲ ಹೆಣೆಯುವವರು ಮನಸ್ಸು ಹೆಚ್ಚು ಶಾಂತವಾಗಿದೆ ಅಂದಿದ್ದರು. ಗುಂಪಿನಲ್ಲಿ ಹೆಣೆಯುವವರು ಜನರ ಒಡನಾಟ ಸುಧಾರಿಸಿದೆ ಅಂದಿದ್ದರು. ಉತ್ತರ ಕೊಟ್ಟವರು ಮೊದಲೇ ಹೆಣಿಗೆಯನ್ನು ಪ್ರೀತಿಸುವವರು. ಹಾಗಾಗಿ ಇದನ್ನು ಔಷಧಿ ಅಂತ ಹೇಳಲು ನಾನು ಹೋಗುವುದಿಲ್ಲ. ನನ್ನ ಅನುಭವಕ್ಕೆ ಅದು ಹೊಂದುತ್ತದೆ, ಅಷ್ಟು ಹೇಳಬಲ್ಲೆ.

ಗಡುವು ಮತ್ತು ಹಬ್ಬ

ಒಟ್ಟಿಗೆ ಒಂದೇ ಕೆಲಸವನ್ನು ಒಂದೇ ಅವಧಿಯಲ್ಲಿ ಮಾಡುವುದು ಈ ಲೋಕದ ದೊಡ್ಡ ಹಬ್ಬ. ನೂಲುವವರದು ಟೂರ್ ಡಿ ಫ್ಲೀಸ್. ಇದು 2006ರಲ್ಲಿ ಶುರುವಾಯಿತು. ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ಜುಲೈನಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯ ನಡೆಯುತ್ತದಲ್ಲ, ಮೂರು ವಾರ, 21 ಹಂತ. ಸವಾರರು ಸೈಕಲ್ ತುಳಿಯುವ ಪ್ರತಿದಿನ ಇವರು ರಾಟೆ ತಿರುಗಿಸುತ್ತಾರೆ. ಅವರು ವಿಶ್ರಾಂತಿ ಪಡೆಯುವ ದಿನ ಇವರಿಗೂ ರಜೆ. ಅವರು ಕಷ್ಟದ ಬೆಟ್ಟ ಹತ್ತುವ ದಿನ ಇವರೂ ತಮಗೆ ಕಷ್ಟವಾದದ್ದನ್ನು ನೂಲಲು ನೋಡುತ್ತಾರೆ. ಚಕ್ರ ಅಲ್ಲೂ ತಿರುಗುತ್ತದೆ, ಇಲ್ಲೂ ತಿರುಗುತ್ತದೆ. ಗುರಿಯನ್ನು ಅವರವರೇ ಇಟ್ಟುಕೊಳ್ಳುವುದು ಇದರ ಸೊಗಸು. ಒಬ್ಬರಿಗೆ ದಿನಕ್ಕೆ 15 ನಿಮಿಷ, ಇನ್ನೊಬ್ಬರಿಗೆ ಅರ್ಧ ಕಿಲೋ ಉಣ್ಣೆ.

ಹೆಣೆಯುವವರಿಗೆ 2007ರಲ್ಲಿ ಜೆಸಿಕಾ ಮತ್ತು ಕ್ಯಾಸಿಡಿ ಫೋರ್ಬ್ಸ್ ಶುರು ಮಾಡಿದ ರಾವೆಲ್ರಿ ಅನ್ನುವ ವೆಬ್‌ಸೈಟ್ ಇದೆ. ಅಲ್ಲಿ ಪ್ರತಿ ಕೆಲಸಕ್ಕೂ ದಾರ, ಕಡ್ಡಿ, ಶುರು ಮಾಡಿದ ದಿನ, ಎಷ್ಟು ಭಾಗ ಆಗಿದೆ ಅಂತ ಬರೆದಿಡಬಹುದು. ಹೆಸರಾದ ಡಿಸೈನ್ ಆದರೆ ಅದನ್ನು ಹೆಣೆದ ಸಾವಿರಾರು ಜನರ ಟಿಪ್ಪಣಿ ಸಿಗುತ್ತದೆ. ‘ತೋಳು ಉದ್ದ ಬರುತ್ತದೆ, ಆರು ಸಾಲು ಕಡಿಮೆ ಮಾಡಿ’ ಅನ್ನುವ ಒಂದು ಸಾಲು ಒಂದು ವಾರದ ಕೆಲಸ ಉಳಿಸುತ್ತದೆ.

ನಮ್ಮ ದೇಶದ್ದೂ ಒಂದು ಉದಾಹರಣೆ. 2016ರ ಜನವರಿಯಲ್ಲಿ ಚೆನ್ನೈನಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಗುಂಪಿನವರು ಗಿನ್ನೆಸ್ ದಾಖಲೆಗಾಗಿ ಒಂದು ಕ್ರೋಶಾ ಹೊದಿಕೆ ಹಾಸಿದರು: 11,148.5 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಎಕರೆ. ಅಷ್ಟಗಲದ ಕಬ್ಬಿನ ಗದ್ದೆ ನೆನಪಿಸಿಕೊಳ್ಳಿ. ಅದು ಬೇರೆ ಬೇರೆ ಊರಿನ ಹೆಂಗಸರು ಮನೆಯಲ್ಲಿ ತುಂಡು ತುಂಡಾಗಿ ಹಾಕಿ, ಆಮೇಲೆ ಸೇರಿಸಿದ್ದು. ಒಬ್ಬೊಬ್ಬರ ಪಾಲು ಮಡಿಲಲ್ಲಿ ಹಿಡಿಯುವಷ್ಟು.

ಜುಲೈ ನಮಗೆ ಅಷ್ಟು ಹೊಂದುವುದಿಲ್ಲ. ನಮ್ಮ ಗುಂಪು ನವರಾತ್ರಿಯನ್ನು ಆರಿಸಿಕೊಂಡಿದೆ. ಪಾಡ್ಯದಿಂದ ದಿನಕ್ಕೆ ಇಷ್ಟು ಅಂತ ನೂಲು, ಹೆಣಿಗೆ. ಗೊಂಬೆ ಕೂರಿಸುವ ಮನೆಯವರು ಪಟ್ಟದ ಗೊಂಬೆಗೆ ಪುಟ್ಟ ಶಾಲು ಹೆಣೆಯುತ್ತಾರೆ. ಆಯುಧಪೂಜೆಯ ದಿನ ಕಡ್ಡಿ, ತಕಲಿ, ಕತ್ತರಿ ಎಲ್ಲ ತೊಳೆದು, ಅರಿಶಿನ ಕುಂಕುಮ ಇಟ್ಟು ದೇವರ ಮುಂದೆ ಇಡುವುದು. ಅವತ್ತು ಯಾರೂ ಮುಟ್ಟುವುದಿಲ್ಲ, ಅದು ನಮ್ಮ ರಜೆ. ಮರುದಿನ ಟಿವಿಯಲ್ಲಿ ಜಂಬೂ ಸವಾರಿ ನೋಡುತ್ತಾ ಮತ್ತೆ ಕಡ್ಡಿ ಆಡುತ್ತದೆ. ಗಡುವು ಹಬ್ಬದ ಜೊತೆ ಬಂದರೆ ಅದು ಒತ್ತಡ ಅನ್ನಿಸುವುದಿಲ್ಲ.

ಎಂಥ ಗುಂಪು ಬೇಡ

ಮುಗಿದ ಕೆಲಸದ ಫೋಟೋ ಮಾತ್ರ ಬರುವ ಗುಂಪು ನನಗೆ ಬೇಡ. ಬೆಳಕು ಹಿಡಿದು, ಹಿಂದೆ ಹೂಕುಂಡ ಇಟ್ಟು ತೆಗೆದ ಸ್ವೆಟರುಗಳನ್ನೇ ದಿನವೂ ನೋಡಿದರೆ ನಮ್ಮ ಮಡಿಲಲ್ಲಿ ಇರುವುದು ಕಳಪೆ ಅನ್ನಿಸತೊಡಗುತ್ತದೆ. ಅವರೂ ಬಿಚ್ಚಿದ್ದಾರೆ, ಅದು ಕಾಣುವುದಿಲ್ಲ ಅಷ್ಟೆ. ಬಿಚ್ಚುವುದಕ್ಕೆ ಇಂಗ್ಲಿಷಿನವರು ಕಪ್ಪೆಯ ಹೆಸರಿಟ್ಟಿದ್ದಾರೆ. ‘ರಿಪ್ ಇಟ್’ ಅಂದರೆ ಬಿಚ್ಚು, ಅದು ಅವರ ಕಿವಿಗೆ ಕಪ್ಪೆ ವಟಗುಟ್ಟಿದ ಹಾಗೆ ಕೇಳುತ್ತದೆ. ಬಿಚ್ಚಿದ ಫೋಟೋ ಹಾಕಲು ಧೈರ್ಯ ಬರುವ ಗುಂಪು ಒಳ್ಳೆಯ ಗುಂಪು.

ದಾರ ಕೊಳ್ಳುವ ಮಾತೇ ಜಾಸ್ತಿ ಆದರೆ ಅಲ್ಲಿಂದಲೂ ಸ್ವಲ್ಪ ದೂರ ಇರಿ. ಕೊಂಡ ಖುಷಿ ಹೆಣೆದ ಖುಷಿಯ ಹಾಗೇ ಅನ್ನಿಸುತ್ತದೆ, ಆದರೆ ಬೀರು ತುಂಬುತ್ತದೆ, ಕಡ್ಡಿ ಅಲ್ಲೇ ಇರುತ್ತದೆ. ಗುರುತಿಲ್ಲದವರಿಗೆ ಮುಂಚೆಯೇ ದುಡ್ಡು ಕಳಿಸಬೇಡಿ.

ಒಂದು ವಿಷಯದಲ್ಲಿ ನಾನು ತುಂಬಾ ಗಟ್ಟಿ. ದುಡ್ಡಿಗೆ ಮಾರುವ ಡಿಸೈನ್‌ನ ಪಿಡಿಎಫ್ ಅನ್ನು ಗುಂಪಿನಲ್ಲಿ ಹಂಚಬಾರದು. ಅದನ್ನು ಮಾಡಿದವರು ಹೆಚ್ಚಾಗಿ ನಮ್ಮ ಹಾಗೇ ಮನೆಯಲ್ಲಿ ಕೂತು, ಹತ್ತು ಅಳತೆಗೆ ಲೆಕ್ಕ ಹಾಕಿ, ಬಿಚ್ಚಿ ಮತ್ತೆ ಹೆಣೆದು ನೋಡಿದ ಹೆಂಗಸರು. ಉಚಿತವಾದ ಡಿಸೈನ್ ಬೇಕಾದಷ್ಟು ಇವೆ.

ಮುಟ್ಟಿ ನೋಡಬೇಕು ಅನ್ನಿಸಿದಾಗ

ಸಂಖ್ಯೆ, ಫೋಟೋ, ವಿಡಿಯೋ ಎಲ್ಲ ಇದ್ದರೂ ಒಂದು ಉಳಿಯುತ್ತದೆ. ನೂಲು ಮುಟ್ಟಿದರೆ ಹೇಗಿದೆ? ಮೆತ್ತಗಿದೆಯಾ, ಗಟ್ಟಿಯಿದೆಯಾ, ಎಣ್ಣೆ ಮುಟ್ಟಿದ ಹಾಗಿದೆಯಾ? ಇದಕ್ಕೆ ಮೇಷ್ಟ್ರು ಒಂದು ದಾರಿ ಹೇಳಿದರು, ಅದು ಅಂಚೆ. ಎರಡು ಮೀಟರ್ ನೂಲನ್ನು ಒಂದು ಕಾರ್ಡಿಗೆ ಸುತ್ತಿ, ಕವರಿನಲ್ಲಿ ಹಾಕಿ, ಗುಂಪಿನ ಇನ್ನೊಬ್ಬರಿಗೆ ಕಳಿಸುವುದು. ಅವರು ಮುಟ್ಟಿ ನೋಡಿ, ತಮ್ಮದನ್ನೂ ಸೇರಿಸಿ ಮುಂದಿನವರಿಗೆ ಕಳಿಸುವುದು.

ಹೋದ ತಿಂಗಳು ನನಗೆ ಆ ಕವರ್ ಬಂತು. ಒಳಗೆ ನಾಲ್ಕು ಕಾರ್ಡ್. ಮೇಷ್ಟ್ರ ನೂಲು ಎಷ್ಟು ಸಮ ಅಂದರೆ ಗಿರಣಿಯದು ಅನ್ನಬೇಕು. ಇನ್ನೊಂದು ಗಿಡಮೂಲದ ಬಣ್ಣ ಹಾಕಿದ ಕಂದು ನೂಲು. ಕೊನೆಯದು ಶ್ರೀರಂಗಪಟ್ಟಣದ ಒಬ್ಬ ಹುಡುಗಿಯದು, ಕಾಲೇಜಿಗೆ ಹೋಗುವವಳು, ನೂಲಲು ಶುರು ಮಾಡಿ ಎರಡು ತಿಂಗಳು. ಕೆಲವು ಕಡೆ ಬತ್ತಿಯಷ್ಟು ದಪ್ಪ, ಕೆಲವು ಕಡೆ ಕೂದಲಷ್ಟು ತೆಳು. ಕಾರ್ಡಿನ ಮೇಲೆ ಪೆನ್ನಿನಲ್ಲಿ ಬರೆದಿದ್ದಳು: ‘ಹತ್ತಿ, ಎರಡೆಳೆ, ಇಂಚಿಗೆ 9ರಿಂದ 20 ಸುತ್ತು. ಹುರಿ ಎಲ್ಲೆಲ್ಲಿ ತಪ್ಪಿದೆ ಅಂತ ನನಗೂ ಗೊತ್ತು. ಆದ್ರೂ ಇದನ್ನೇ ಕಳಿಸ್ತಿದ್ದೀನಿ ಅಕ್ಕ.’

ಅವತ್ತಿನ ಮಟ್ಟಿಗೆ ನನ್ನ ಹತ್ತಿರ ಒಂದು ಒಳ್ಳೆಯ ಲಡಿ ಇತ್ತು, ತೊಳೆದು ಒಣಗಿಸಿದ್ದು. ಅದನ್ನು ಹಾಗೇ ಬಿಟ್ಟೆ. ಡಬ್ಬಿಯ ತಳದಿಂದ ನನ್ನ ಮೊದಲ ಲಡಿಯನ್ನು ತೆಗೆದೆ, ಹಾವಿನ ಹಾಗೆ ಸುತ್ತಿಕೊಂಡದ್ದು. ಎರಡು ಮೀಟರ್ ಕತ್ತರಿಸಿ ಕಾರ್ಡಿಗೆ ಸುತ್ತಿದೆ.